ಬಾಸ್ಟನ್ನಿನ ಐಸು, ನಮ್ಮೂರ ಮಡಕೆ: ಬೇಸಿಗೆ ಔತಣದ ತಂಪಿನ ಕಥೆ

ಜುಲೈ ಬಂತೆಂದರೆ ಅಮೆರಿಕದ ಪಾರ್ಕುಗಳಲ್ಲಿ ಜಾಗ ಸಿಗುವುದೇ ಕಷ್ಟ. ಒಂದು ಕಡೆ ಗ್ರಿಲ್ ಮೇಲೆ ಜೋಳದ ತೆನೆ, ಇನ್ನೊಂದು ಕಡೆ ಕಲ್ಲಂಗಡಿ ಹಣ್ಣಿನ ಹೋಳುಗಳು, ಮಧ್ಯದ ಮೇಜಿನ ಮೇಲೆ ನಮ್ಮವರು ತಂದ ಚಿತ್ರಾನ್ನ, ಮೊಸರನ್ನ, ಕೋಸಂಬರಿ. ಏನೇನು ತರಬೇಕೆಂದು ಪಟ್ಟಿ ಮಾಡುವಾಗ ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುವ ವಸ್ತು ಒಂದಿದೆ: ಐಸ್ ಚೀಲ. ಎರಡು ಮೂರು ಡಾಲರ್ ಕೊಟ್ಟು ತಂದು, ಉಳಿದದ್ದನ್ನು ಹುಲ್ಲಿನ ಮೇಲೆ ಸುರಿದು ಹೊರಡುತ್ತೇವೆ.

ಇನ್ನೂರು ವರ್ಷಗಳ ಹಿಂದೆ ಬೇಸಿಗೆಯ ಔತಣದಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತುಗಳಲ್ಲಿ ಇದೂ ಒಂದಾಗಿತ್ತು. ಊಟ ಎಲ್ಲರಿಗೂ ಸಿಕ್ಕೀತು, ತಂಪು ಮಾತ್ರ ಉಳ್ಳವರಿಗೆ. ಆ ತಂಪು ಎಲ್ಲರ ಲೋಟಕ್ಕೂ ಹೇಗೆ ಬಂತು ಎನ್ನುವ ಕಥೆಯಲ್ಲಿ ಅಮೆರಿಕವೂ ಇದೆ, ಭಾರತವೂ ಇದೆ.

ಅರಮನೆಯ ತಂಪು

ಅಕ್ಬರನ ಆಸ್ಥಾನದ ವಿವರಗಳನ್ನು ಬರೆದಿಟ್ಟ ಅಬುಲ್ ಫಜಲ್, ಕುಡಿಯುವ ನೀರನ್ನು ತಣ್ಣಗೆ ಮಾಡುವ ಬಗೆಯನ್ನೂ ‘ಐನ್-ಇ-ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ. ಮದ್ದಿನ ಪುಡಿ ಮಾಡಲು ಬಳಸುವ ಪೆಟ್ಲುಪ್ಪನ್ನು ನೀರಿಗೆ ಹಾಕಿದರೆ ಆ ನೀರು ತಂಪಾಗುತ್ತದೆ. ಕುಡಿಯುವ ನೀರಿನ ಹೂಜಿಯನ್ನು ಅದರೊಳಗಿಟ್ಟು ತಿರುಗಿಸಿದರೆ ಹೂಜಿಯ ನೀರೂ ತಣ್ಣಗಾಗುತ್ತದೆ. ಅಕ್ಬರ್ ಲಾಹೋರಿನಲ್ಲಿದ್ದಾಗ ಉತ್ತರದ ಬೆಟ್ಟಗಳಿಂದ ಹಿಮವನ್ನೇ ಹೊತ್ತು ತರುವ ವ್ಯವಸ್ಥೆಯೂ ಇತ್ತು.

ಅದಕ್ಕೂ ನಾಲ್ಕು ಶತಮಾನಗಳ ಹಿಂದೆ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅರಸನ ಭೋಗಗಳನ್ನು ಎಣಿಸುವಾಗ ಅನ್ನದ ಜೊತೆಗೆ ನೀರನ್ನೂ ಅವನು ಒಂದು ಭೋಗವೆಂದೇ ಎಣಿಸಿದ್ದಾನೆ. ಯಾವ ಋತುವಿನಲ್ಲಿ ಯಾವ ನೀರು, ಅದಕ್ಕೆ ಯಾವ ಪರಿಮಳ ಎಂಬೆಲ್ಲ ವಿವರ ಅದರಲ್ಲಿದೆ.

ಅಮೆರಿಕದಲ್ಲೂ ಇದೇ ಕಥೆ. ಅಧ್ಯಕ್ಷ ಥಾಮಸ್ ಜೆಫರ್ಸನ್ ಕೈಬರಹದ ವೆನಿಲಾ ಐಸ್‌ಕ್ರೀಮ್ ಪಾಕವಿಧಾನ ಇಂದಿಗೂ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ವರ್ಜೀನಿಯಾದ ಮಾಂಟಿಚೆಲ್ಲೊದಲ್ಲಿ ಅವರ ಮನೆಗೆ ಸ್ವಂತ ಐಸ್ ಉಗ್ರಾಣವೇ ಇತ್ತು. ಚಳಿಗಾಲದಲ್ಲಿ ನದಿಯ ಮಂಜುಗಡ್ಡೆ ಕಡಿದು ಗಾಡಿಗಳಲ್ಲಿ ಸಾಗಿಸಿ ಅಲ್ಲಿ ತುಂಬುತ್ತಿದ್ದರು. ಪಾಕವಿಧಾನದ ಕಾಗದದ ಮೇಲೆ ಜೆಫರ್ಸನ್ ಕೈಬರಹವಿದೆ. ಆದರೆ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಅಡುಗೆ ಕಲಿತು ಬಂದು ಆ ಮನೆಯ ಅಡುಗೆಮನೆ ನಡೆಸಿದವರು ಜೇಮ್ಸ್ ಹೆಮಿಂಗ್ಸ್, ಜೆಫರ್ಸನ್ ಗುಲಾಮಗಿರಿಯಲ್ಲಿಟ್ಟುಕೊಂಡಿದ್ದ ಬಾಣಸಿಗ. ತನ್ನ ತಮ್ಮನಿಗೆ ಆ ವಿದ್ಯೆಯನ್ನು ಕಲಿಸಿಕೊಟ್ಟ ಮೇಲೆಯೇ, 1796ರಲ್ಲಿ, ಅವರಿಗೆ ಬಿಡುಗಡೆ ಸಿಕ್ಕಿತು.

ದಾರಿಹೋಕರ ತಂಪು

ಹಾಗಾದರೆ ಅರಮನೆಯಿಲ್ಲದವರು ಏನು ಮಾಡುತ್ತಿದ್ದರು? ನಮ್ಮ ನಾಡಿನಲ್ಲಿ ಅದಕ್ಕೆ ಉತ್ತರ ಮಣ್ಣಿನ ಮಡಕೆ. ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಮಕ್ಕಳೇ, ಒಂದು ಲೆಕ್ಕ ಕೇಳಿ: ಒಂದು ಗ್ರಾಂ ಐಸು ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಅಂದರೆ ಮಡಕೆಯಿಂದ ಆವಿಯಾಗುವ ಒಂದು ಹನಿ, ಅಷ್ಟೇ ತೂಕದ ಐಸು ಕರಗಿ ಮಾಡುವ ಕೆಲಸದ ಏಳು ಪಟ್ಟು ಮಾಡುತ್ತದೆ! ಒಣಹವೆಯ ಬಯಲುಸೀಮೆಯಲ್ಲಿ ಮಡಕೆಯ ನೀರು ಅಷ್ಟು ಹಿತವಾಗಿರುವುದು ಇದರಿಂದಲೇ.

ಮಡಕೆ ಮನೆಯೊಳಗೇ ಉಳಿಯಲಿಲ್ಲ. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ತಾಣಕ್ಕೆ ಕನ್ನಡದಲ್ಲಿ ‘ಅರವಟ್ಟಿಗೆ’ ಎಂಬ ಚೆಂದದ ಹೆಸರಿದೆ. ಕೆರೆ ಕಟ್ಟಿಸಿದಂತೆ, ಸಾಲುಮರ ನೆಡಿಸಿದಂತೆ, ಅರವಟ್ಟಿಗೆ ನಡೆಸುವುದೂ ಪುಣ್ಯದ ಕೆಲಸವೆಂದು ಹಿರಿಯರು ನಂಬಿದ್ದರು. ಅರವಟ್ಟಿಗೆಗೆಂದು ಕೊಟ್ಟ ದಾನಗಳನ್ನು ಶಾಸನಗಳಲ್ಲೂ ಕಾಣುತ್ತೇವೆ. ರಾಮನವಮಿಯಂದು ಬೀದಿಯಲ್ಲಿ ಪೆಂಡಾಲು ಹಾಕಿ, ಬಂದವರು ಯಾರೆಂದು ಕೇಳದೆ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವುದು ಇದೇ ಮನೋಭಾವದಿಂದ.

ಪಾನೀಯಗಳಿಗೆ ನಮ್ಮ ಸಾಹಿತ್ಯದಲ್ಲೂ ಸ್ಥಾನವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಬರೆದ ‘ಸೂಪಶಾಸ್ತ್ರ’ ಇಡೀ ಅಡುಗೆಯ ಪುಸ್ತಕ, ಅದೂ ಷಟ್ಪದಿಯಲ್ಲಿ! ಅದರಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ.

ಆದರೆ ಮಡಕೆಗೂ ಒಂದು ಮಿತಿಯುಂಟು. ಗಾಳಿಯಲ್ಲೇ ತೇವ ತುಂಬಿರುವ ಕಡಲ ಪಕ್ಕದ ಊರುಗಳಲ್ಲಿ ನೀರು ಬೇಗ ಆವಿಯಾಗುವುದಿಲ್ಲ, ಹಾಗಾಗಿ ಹೆಚ್ಚು ತಣ್ಣಗಾಗುವುದೂ ಇಲ್ಲ. ಬ್ರಿಟಿಷರು ನೆಲೆಯೂರಿದ ಕಲ್ಕತ್ತ, ಮದರಾಸು, ಬೊಂಬಾಯಿ ಮೂರೂ ಅಂಥ ಸೆಖೆಯ ಊರುಗಳು. ಅಲ್ಲಿಗೆ ತಂಪು ಬಂದದ್ದು ಬಹು ದೂರದಿಂದ.

ಹಡಗು ಹತ್ತಿದ ಮಂಜುಗಡ್ಡೆ

ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ತರುಣನಿಗೆ ಒಂದು ವಿಚಿತ್ರ ಯೋಚನೆ ಹೊಳೆಯಿತು. ನ್ಯೂ ಇಂಗ್ಲೆಂಡಿನ ಕೆರೆಗಳಲ್ಲಿ ಚಳಿಗಾಲದಲ್ಲಿ ಪುಕ್ಕಟೆ ಸಿಗುವ ಐಸನ್ನು ಬಿಸಿಲಿನ ದೇಶಗಳಲ್ಲಿ ಏಕೆ ಮಾರಬಾರದು? 1806ರಲ್ಲಿ ಸುಮಾರು 130 ಟನ್ ಐಸು ತುಂಬಿಕೊಂಡು ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪಕ್ಕೆ ಹೋದ. ಊರಿನವರು ನಕ್ಕರು. ದ್ವೀಪದವರಿಗೆ ಐಸನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಟ್ಯೂಡರ್ ತಾನೇ ನಿಂತು ಐಸ್‌ಕ್ರೀಮ್ ಮಾಡಿ ತೋರಿಸಿದರೂ ವ್ಯಾಪಾರ ನಷ್ಟದಲ್ಲೇ ಮುಗಿಯಿತು. ಮುಂದೆ ಸಾಲ ತೀರಿಸಲಾಗದೆ ಜೈಲಿಗೂ ಹೋಗಿ ಬಂದ. ಆದರೂ ಛಲ ಬಿಡಲಿಲ್ಲ.

ಎರಡು ಉಪಾಯಗಳು ಅವನ ಕೈಹಿಡಿದವು. ಒಂದು, ಮರದ ಹೊಟ್ಟು. ಮರ ಕೊಯ್ಯುವ ಮಿಲ್ಲುಗಳಲ್ಲಿ ಕಸವೆಂದು ಬಿಸಾಡುತ್ತಿದ್ದ ಹೊಟ್ಟನ್ನು ಐಸಿನ ಸುತ್ತ ತುಂಬಿದರೆ ಶಾಖ ಒಳಗೆ ನುಸುಳುವುದು ನಿಧಾನವಾಗುತ್ತದೆ. ಇನ್ನೊಂದು, ನಥಾನಿಯಲ್ ವೈಯೆತ್ 1825ರಲ್ಲಿ ಮಾಡಿದ ಐಸ್ ನೇಗಿಲು. ಕುದುರೆ ಎಳೆಯುವ ಆ ನೇಗಿಲು ಹೆಪ್ಪುಗಟ್ಟಿದ ಕೆರೆಯ ಮೇಲೆ ಚೌಕುಳಿ ಗೆರೆ ಕೊರೆಯುತ್ತಿತ್ತು. ಗಡ್ಡೆಗಳೆಲ್ಲ ಒಂದೇ ಅಳತೆಯವಾದ್ದರಿಂದ ಹಡಗಿನಲ್ಲಿ ಇಟ್ಟಿಗೆಯಂತೆ ಒತ್ತಾಗಿ ಜೋಡಿಸಬಹುದಾಗಿತ್ತು. ಸಂದು ಕಡಿಮೆಯಾದಷ್ಟೂ ಕರಗುವುದು ಕಡಿಮೆ.

1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ ಐಸು ಹೊತ್ತು ಬಾಸ್ಟನ್ ಬಿಟ್ಟಿತು. ಸೂಯೆಜ್ ಕಾಲುವೆ ಇಲ್ಲದ ಕಾಲ. ಆಫ್ರಿಕಾವನ್ನು ಸುತ್ತಿ, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕು ತಿಂಗಳ ಮೇಲೆ ಸೆಪ್ಟೆಂಬರಿನಲ್ಲಿ ಕಲ್ಕತ್ತ ಮುಟ್ಟಿದಾಗ ಸುಮಾರು 100 ಟನ್ ಐಸು ಇನ್ನೂ ಗಟ್ಟಿಯಾಗಿ ಉಳಿದಿತ್ತು! ಕಲ್ಕತ್ತದ ಆಂಗ್ಲರ ಸಂಭ್ರಮ ಹೇಳತೀರದು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಟ್ಯೂಡರನ ಪ್ರತಿನಿಧಿಗೆ ಬೆಳ್ಳಿಯ ಬಟ್ಟಲು ಕೊಟ್ಟು ಸನ್ಮಾನಿಸಿದ. ಐಸಿನ ಮೇಲೆ ಸುಂಕವಿಲ್ಲವೆಂದಾಯಿತು. ಮುಂದೆ ಐಸಿನ ಜೊತೆ ಅಮೆರಿಕದ ಸೇಬುಗಳೂ ಹಡಗಿನಲ್ಲಿ ತಂಪಾಗಿ ಬಂದಿಳಿದವು.

ಮದರಾಸಿನ ಕಡಲತೀರದಲ್ಲಿ ಟ್ಯೂಡರನ ಐಸು ತುಂಬಿಡಲು ಕಟ್ಟಿದ ‘ಐಸ್ ಹೌಸ್’ ಇಂದಿಗೂ ನಿಂತಿದೆ. ಐಸಿನ ವ್ಯಾಪಾರ ನಿಂತ ಮೇಲೆ ಅದನ್ನು ಕೊಂಡವರು ವಕೀಲ ಬಿಳಿಗಿರಿ ಅಯ್ಯಂಗಾರ್. ಅಮೆರಿಕ ಮತ್ತು ಯೂರೋಪಿನ ಪ್ರವಾಸ ಮುಗಿಸಿ 1897ರ ಫೆಬ್ರುವರಿಯಲ್ಲಿ ಮದರಾಸಿಗೆ ಬಂದ ಸ್ವಾಮಿ ವಿವೇಕಾನಂದರು ಒಂಬತ್ತು ದಿನ ತಂಗಿದ್ದು ಅಲ್ಲಿಯೇ. ಈಗ ಅದು ವಿವೇಕಾನಂದರ ಸ್ಮಾರಕ. ಆದರೂ ಸುತ್ತಲಿನ ಬಡಾವಣೆಯನ್ನು ಜನ ಇಂದಿಗೂ ‘ಐಸ್ ಹೌಸ್’ ಎಂದೇ ಕರೆಯುತ್ತಾರೆ.

ಕೆರೆಯ ದಂಡೆಯಿಂದ ಕಂಡದ್ದು

ಈ ವ್ಯಾಪಾರವನ್ನು ಹತ್ತಿರದಿಂದ ಕಂಡು ಬರೆದವರು ಹೆನ್ರಿ ಡೇವಿಡ್ ಥೋರೋ. ಅವರು ಬಾಸ್ಟನ್ ಹತ್ತಿರದ ವಾಲ್ಡನ್ ಕೆರೆಯ ದಂಡೆಯಲ್ಲಿ ವಾಸವಾಗಿದ್ದಾಗ, 1846-47ರ ಚಳಿಗಾಲದಲ್ಲಿ ನೂರು ಮಂದಿ ಐರಿಶ್ ಕೂಲಿಯಾಳುಗಳು ಐಸು ಕಡಿಯಲು ಅಲ್ಲಿಗೆ ಬರುತ್ತಿದ್ದರು. ಒಳ್ಳೆಯ ದಿನವಾದರೆ ಸಾವಿರ ಟನ್ ತೆಗೆಯುತ್ತಿದ್ದರಂತೆ. ಕಾಲು ಜಾರಿದರೆ ಕೊರೆಯುವ ನೀರು. ಹಾಗೆ ಬಿದ್ದು ನಡುಗುತ್ತ ತಮ್ಮ ಮನೆಯೊಳಗೆ ಬಂದು ಬೆಚ್ಚಗಾದವರನ್ನೂ ಥೋರೋ ನೆನೆದಿದ್ದಾರೆ. ಭಗವದ್ಗೀತೆಯನ್ನು ಓದಿ ಮೆಚ್ಚಿಕೊಂಡಿದ್ದ ಅವರು, ಮದರಾಸು, ಬೊಂಬಾಯಿ, ಕಲ್ಕತ್ತದ ಜನ ತಮ್ಮ ಕೆರೆಯ ನೀರನ್ನೇ ಕುಡಿಯುತ್ತಿದ್ದಾರೆ, ವಾಲ್ಡನ್ನಿನ ನೀರು ಗಂಗೆಯ ನೀರಿನೊಡನೆ ಬೆರೆಯುತ್ತಿದೆ ಎಂದು ಸಂತೋಷಪಟ್ಟರು.

ಕಲ್ಪನೆ ಬಹಳ ಸೊಗಸಾಗಿದೆ. ಆದರೆ ಕಲ್ಕತ್ತದಲ್ಲಿ ಆ ನೀರು ಸೇರಿದ್ದು ಮುಖ್ಯವಾಗಿ ಸಾಹೇಬರ ಬಂಗಲೆಗಳ ಲೋಟಗಳನ್ನು. ಬಂದರಿನಲ್ಲಿ ಐಸಿನ ಗಡ್ಡೆ ಹೊತ್ತ ಕೂಲಿಯವನ ಪಾಲಿಗೆ ದಕ್ಕಿದ್ದು ತಲೆಯಿಂದ ತೊಟ್ಟಿಕ್ಕಿದ ನೀರು ಮಾತ್ರ.

ಯಂತ್ರ ಬಂತು, ಬೆಲೆ ಇಳಿಯಿತು

ಫ್ಲಾರಿಡಾದ ಅಪಲಾಚಿಕೋಲ ಎಂಬ ಊರಿನ ವೈದ್ಯ ಜಾನ್ ಗೋರಿಗೆ ಔತಣದ ಚಿಂತೆ ಇರಲಿಲ್ಲ. ಜ್ವರದಿಂದ ಬಳಲುವ ರೋಗಿಗಳ ಕೋಣೆಯನ್ನು ತಂಪು ಮಾಡಬೇಕೆಂದು ಹೊರಟು, ಅವರು ಐಸು ಮಾಡುವ ಯಂತ್ರವನ್ನೇ ಕಟ್ಟಿದರು. 1851ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಬಂಡವಾಳ ಸಿಗಲಿಲ್ಲ. 1855ರಲ್ಲಿ ಕೈ ಖಾಲಿಯಾಗಿಯೇ ತೀರಿಕೊಂಡರು. ಇಂದು ಅಮೆರಿಕದ ಸಂಸತ್ ಭವನದಲ್ಲಿ ಫ್ಲಾರಿಡಾ ರಾಜ್ಯದ ಪರವಾಗಿ ಅವರ ಪ್ರತಿಮೆ ಇದೆ.

ಅದೇ ಕಾಲದಲ್ಲಿ ಐಸ್‌ಕ್ರೀಮ್ ಕೂಡ ದೊಡ್ಡವರ ಮನೆಯಿಂದ ಹೊರಗೆ ಬಂತು. 1843ರಲ್ಲಿ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದರು. 1851ರಲ್ಲಿ ಬಾಲ್ಟಿಮೋರಿನ ಹಾಲಿನ ವ್ಯಾಪಾರಿ ಜೇಕಬ್ ಫಸೆಲ್, ಮಿಕ್ಕ ಕೆನೆ ಹಾಳಾಗಬಾರದೆಂದು ಐಸ್‌ಕ್ರೀಮ್ ಮಾಡಿ ಸಗಟಾಗಿ, ಅಗ್ಗವಾಗಿ ಮಾರತೊಡಗಿದ. ಊರೂರಲ್ಲಿ ಐಸ್ ಫ್ಯಾಕ್ಟರಿಗಳು ಎದ್ದ ಮೇಲೆ ಭಾರತಕ್ಕೆ ಹಡಗಿನಲ್ಲಿ ಐಸು ಸಾಗಿಸುವ ವ್ಯಾಪಾರ 1880ರ ದಶಕದ ಹೊತ್ತಿಗೆ ಮುಗಿದೇ ಹೋಯಿತು.

ಪಿಕ್ನಿಕ್ ಹರಟೆಗೆ ಒಂದಿಷ್ಟು

• ಪಾರ್ಟಿಗಳಲ್ಲಿ ದೊಡ್ಡ ಬೋಗುಣಿಯಲ್ಲಿಡುವ ‘ಪಂಚ್’ ಭಾರತದಿಂದ ಬಂದದ್ದು. 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಬಾಯಲ್ಲಿ ಹರಡಿದ ಈ ಹೆಸರಿನ ಮೂಲ ನಮ್ಮ ‘ಪಂಚ’ ಎಂದು ಹೆಚ್ಚಿನ ನಿಘಂಟುಗಳು ಹೇಳುತ್ತವೆ. ಮದ್ಯ, ಸಕ್ಕರೆ, ನಿಂಬೆ, ನೀರು, ಸಂಬಾರ ಪದಾರ್ಥ: ಒಟ್ಟು ಐದು.

• ನಮ್ಮ ಶರಬತ್ತು, ಇಂಗ್ಲಿಷಿನ ಶರ್ಬೆಟ್, ಸೋರ್ಬೆ, ಸಿರಪ್ ಎಲ್ಲವೂ ಅಣ್ಣತಮ್ಮಂದಿರು. ‘ಕುಡಿ’ ಎಂಬ ಅರ್ಥದ ಒಂದೇ ಅರಬ್ಬಿ ಧಾತುವಿನಿಂದ ಹುಟ್ಟಿದವು.

• ಸೋಡಾ ನೀರಿನ ಪ್ರಯೋಗ ಮಾಡಿದ ಜೋಸೆಫ್ ಪ್ರೀಸ್ಟ್ಲಿ, ಇಂಗ್ಲೆಂಡಿನ ಲೀಡ್ಸ್ ನಗರದ ಬಿಯರ್ ಭಟ್ಟಿಯ ಮೇಲೆ ನಿಲ್ಲುವ ಅನಿಲವನ್ನು ನೀರಿಗೆ ಬೆರೆಸಿ ನೋಡಿದ್ದು 1767ರಲ್ಲಿ. ಮುಂದೆ ಅವರೂ ನಮ್ಮಂತೆ ವಲಸೆ ಬಂದು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದರು.

• ಗೋಲಿ ಸೋಡಾದ ಬಾಟಲಿ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಮುಚ್ಚುತ್ತದೆ.

• ಪಾಪ್ಸಿಕಲ್ ಹುಟ್ಟಿದ್ದು 1905ರಲ್ಲಿ. ಕ್ಯಾಲಿಫೋರ್ನಿಯಾದ 11 ವರ್ಷದ ಫ್ರಾಂಕ್ ಎಪರ್ಸನ್ ಶರಬತ್ತಿನ ಲೋಟವನ್ನು ಕಡ್ಡಿಯ ಸಮೇತ ರಾತ್ರಿಯಿಡೀ ಹೊರಗೆ ಮರೆತಿದ್ದ!

• ಜುಲೈ ಅಮೆರಿಕದ ಐಸ್‌ಕ್ರೀಮ್ ತಿಂಗಳು. 1984ರಲ್ಲಿ ಅಧ್ಯಕ್ಷ ರೇಗನ್ ಹೀಗೆಂದು ಘೋಷಿಸಿದರು.

ಈ ಬೇಸಿಗೆಗೆ ಪಾನಕ

ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಬೆಲ್ಲ ಕರಗಿಸಿ ಸೋಸಿಕೊಳ್ಳಿ. ಎರಡು ನಿಂಬೆಹಣ್ಣಿನ ರಸ, ಅರ್ಧ ಚಮಚ ಶುಂಠಿ ಪುಡಿ, ನಾಲ್ಕು ಏಲಕ್ಕಿಯ ಪುಡಿ, ಚಿಟಿಕೆ ಕಾಳುಮೆಣಸಿನ ಪುಡಿ, ಚಿಟಿಕೆ ಉಪ್ಪು ಬೆರೆಸಿ. ಮಡಕೆ ಸಿಕ್ಕರೆ ಮಡಕೆಯಲ್ಲಿಡಿ, ಇಲ್ಲವಾದರೆ ಐಸು ಹಾಕಿ.

ಅಂಗಡಿಯಲ್ಲಿ ಐಸು ಅಗ್ಗವಾದ ಮಾತ್ರಕ್ಕೆ ತಂಪು ಎಲ್ಲರಿಗೂ ತಲುಪಿತೆಂದು ಹೇಳುವಂತಿಲ್ಲ. ನಾವು ಪಿಕ್ನಿಕ್ ಮಾಡುವ ಅದೇ ಬಿಸಿಲಿನಲ್ಲಿ ಹುಲ್ಲು ಕತ್ತರಿಸುವವರು, ರಸ್ತೆಗೆ ಡಾಂಬರು ಹಾಕುವವರು, ಮನೆಮನೆಗೆ ಪಾರ್ಸೆಲ್ ತಲುಪಿಸುವವರು ದುಡಿಯುತ್ತಿರುತ್ತಾರೆ. ಮುಂದಿನ ಬಾರಿ ಪಾರ್ಕಿನಲ್ಲಿ ಸೇರಿದಾಗ ಮೇಜಿನ ತುದಿಯಲ್ಲಿ ಒಂದು ಪಾತ್ರೆ ಪಾನಕವನ್ನು ದಾರಿಹೋಕರಿಗೆಂದು ಇಡೋಣ. ಲೋಟ ತುಂಬಿ ಕೊಡುವ ಕೆಲಸ ಮಕ್ಕಳದಾಗಲಿ. ಇದೇನು ಎಂದು ಯಾರಾದರೂ ಕೇಳಿದರೆ ‘ಅರವಟ್ಟಿಗೆ’ ಎಂಬ ಪದವನ್ನು ಅವರೇ ಬಿಡಿಸಿ ಹೇಳಲಿ. ಕನ್ನಡ ಶಾಲೆಯ ಬೇಸಿಗೆ ಹೋಂವರ್ಕ್ ಎಂದು ಇದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ.