ಕಣ್ಣಿನ ಉರಿಯೂತ: ನರಗಳ ಪಾತ್ರವೇನು?

ಯಾದಗಿರಿ: ಕೃಷ್ಣೆಯ ಕಾಲುವೆ ನೀರು ಹರಿಯುವ ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಭತ್ತ, ಹತ್ತಿಯ ಜೊತೆಗೆ ಮೆಣಸಿನಕಾಯಿಯೂ ಮುಖ್ಯ ಬೆಳೆ. ಹಣ್ಣು ಕಿತ್ತು, ಒಣಗಿಸಿ, ತೊಟ್ಟು ಬಿಡಿಸಿದ ಕೈ ಅರಿಯದೇ ಕಣ್ಣಿಗೆ ತಗುಲಿದರೆ ಕ್ಷಣಾರ್ಧದಲ್ಲಿ ಉರಿ, ನೀರು. ನಿಮಿಷಗಳಲ್ಲಿ ಕಣ್ಣು ಕೆಂಪು. ಇಲ್ಲಿ ಯಾವ ರೋಗಾಣುವೂ ಇಲ್ಲ. ಈ ಉರಿಯೂತಕ್ಕೆ ಕಣ್ಣಿನ ಸಂವೇದಿ ನರಗಳೇ ಮೂಲ.

ನರದ ಎರಡು ಕೆಲಸ

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ, ದೇಹದಲ್ಲೇ ಅತಿ ದಟ್ಟವಾಗಿ ನರತುದಿಗಳಿರುವ ಅಂಗಾಂಶಗಳಲ್ಲೊಂದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಈ ತುದಿಗಳನ್ನು ಕೆರಳಿಸುತ್ತದೆ. ಆಗ ನರವು ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದಷ್ಟೇ ಅಲ್ಲ, ನ್ಯೂರೋಪೆಪ್ಟೈಡ್‌ಗಳೆಂಬ ರಾಸಾಯನಿಕಗಳನ್ನು ಸುತ್ತಲ ಅಂಗಾಂಶಕ್ಕೂ ಸುರಿಯುತ್ತದೆ. ಇವುಗಳಲ್ಲಿ ಪ್ರಮುಖವಾದವು ಎರಡು. 37 ಅಮೈನೋ ಆಮ್ಲಗಳ ಸಿಜಿಆರ್‌ಪಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ. 11 ಅಮೈನೋ ಆಮ್ಲಗಳ ಸಬ್‌ಸ್ಟೆನ್ಸ್ ಪಿ ನಾಳಗಳಿಂದ ದ್ರವ ಸೋರುವಂತೆ ಮಾಡಿ, ರಕ್ಷಣಾ ಕೋಶಗಳನ್ನು ಸೆಳೆಯುತ್ತದೆ. ಕೆಂಪು, ಊತ ಇದರ ಫಲ.

ಬೆಳಕಿಗೆ ಬಂದ ಬಗೆ

ಸಬ್‌ಸ್ಟೆನ್ಸ್ ಪಿ ಪತ್ತೆಯಾದದ್ದು 1931ರಲ್ಲಿ, ಫಾನ್ ಆಯ್ಲರ್ ಮತ್ತು ಗ್ಯಾಡಮ್ ಅವರಿಂದ. ಸಂವೇದಿ ನರಗಳು ನಾಶವಾದ ಭಾಗದಲ್ಲಿ ಇಂಥ ಉರಿಯೂತವೇ ಹುಟ್ಟದೆಂಬುದನ್ನು ಹಂಗೇರಿಯ ಮಿಕ್ಲೋಷ್ ಯಾಂಚೋ ಅವರ ಪ್ರಾಣಿಪ್ರಯೋಗಗಳು ತೋರಿಸಿದವು. ವರದಿ ಪ್ರಕಟವಾದದ್ದು 1967ರಲ್ಲಿ. ಕ್ಯಾಪ್ಸೈಸಿನ್ ಅಂಟಿಕೊಳ್ಳುವ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ನೋವೂ ಕಾವಲೇ

ಉರಿಯೂತಕ್ಕೆ ಕಾರಣವಾಗುವ ಸಬ್‌ಸ್ಟೆನ್ಸ್ ಪಿ ಕಾರ್ನಿಯಾದ ಗಾಯ ಮಾಯುವುದಕ್ಕೂ ನೆರವಾಗುತ್ತದೆ. ಹರ್ಪಿಸ್ ಸೋಂಕು ಅಥವಾ ಮಧುಮೇಹದಿಂದ ಈ ನರಗಳು ಸೊರಗಿದರೆ ಕಣ್ಣಿನ ಸ್ಪರ್ಶಜ್ಞಾನ ಕುಂದುತ್ತದೆ, ಗಾಯ ಬೇಗ ಮಾಯುವುದಿಲ್ಲ. ಹುಣ್ಣಾದರೂ ನೋವು ತಿಳಿಯದಿರಬಹುದು. ಆದ್ದರಿಂದ ನೋವಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯುವಂತಿಲ್ಲ. ಮರಗಟ್ಟಿಸುವ ಹನಿಗಳನ್ನು ಪದೇ ಪದೇ ಬಳಸುವುದು ಕಾರ್ನಿಯಾಕ್ಕೆ ಹಾನಿಕರ.

ಏನು ಮಾಡಬೇಕು?

ಖಾರ ತಗುಲಿದ ಕಣ್ಣನ್ನು ಉಜ್ಜದೆ, ಮೊದಲು ಕೈಯನ್ನು ಸಾಬೂನಿನಿಂದ ತೊಳೆದು, ಬಳಿಕ ಶುದ್ಧ ನೀರಿನಿಂದ ಕಣ್ಣನ್ನು ಸುಮಾರು 15 ನಿಮಿಷ ತೊಳೆಯಬೇಕು. ಸೊಪ್ಪಿನ ರಸ, ಹಾಲು ಹಾಕಬಾರದು. ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕುವುದು ಇನ್ನೂ ಅಪಾಯಕಾರಿ. ಭತ್ತದ ಗರಿ ಗೀರಿ ಶಿಲೀಂಧ್ರ ಸೇರಿದ ಕಣ್ಣಿನಲ್ಲೂ ಅದು ಕೆಂಪನ್ನು ತಗ್ಗಿಸಬಹುದು; ಒಳಗೆ ಹುಣ್ಣು ಬೆಳೆದು ದೃಷ್ಟಿಯನ್ನೇ ಕಸಿಯಬಹುದು. ತೊಳೆದ ಮೇಲೂ ನೋವು ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಕಂಡರೆ ಅಂದೇ ನೇತ್ರ ತಜ್ಞರನ್ನು ಕಾಣಬೇಕು.