ಬಾಯಿಗೆ ಹಿತವಾಗಿ

‘ಚೆನ್ನಾಗಿದೆ’ ಎಂಬುದಕ್ಕೂ ‘ಪರವಾಗಿಲ್ಲ’ ಎಂಬುದಕ್ಕೂ ಎಷ್ಟು ದೂರವೆಂದು ಅಡಿಗೆ ಮಾಡಿ ಬಡಿಸುವವರನ್ನು ಕೇಳಬೇಕು. ಇಂಗ್ಲಿಷಿನ ‘ಪ್ಯಾಲಟಬ್ಲಿ’ ಎಂಬ ಪದದ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದೂ ಇದರಿಂದಲೇ. ನಿಘಂಟಿನ ಪ್ರಕಾರ ಅದರ ಅರ್ಥ ‘ರುಚಿಕರವಾಗಿ, ಬಾಯಿಗೆ ಹಿತವಾಗಿ’. ಬಳಕೆಯಲ್ಲಿ ಮಾತ್ರ ಅದು ಹೊಗಳಿಕೆಗಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ. ಅಬ್ಬಬ್ಬಾ ಎನ್ನುವಂಥ ರುಚಿಗೆ ಅವರಲ್ಲಿ ‘ಡಿಲಿಷಸ್’ ಬೇರೆಯೇ ಇದೆ.

ಪದದ ಮೂಲ ಲ್ಯಾಟಿನ್ನಿನ ‘ಪಲಾಟುಂ’, ಅಂದರೆ ಅಂಗುಳು. ರುಚಿಯ ನೆಲೆ ಅಂಗುಳೇ ಎಂದು ಯುರೋಪಿನ ಹಿಂದಿನವರು ನಂಬಿದ್ದರು. ನಿಜದಲ್ಲಿ ರುಚಿಮೊಗ್ಗುಗಳು ಹೆಚ್ಚಾಗಿ ಇರುವುದು ನಾಲಿಗೆಯ ಮೇಲೆ. ಅಂಗುಳಿನ ಹಿಂಭಾಗದಲ್ಲಿ ಕೆಲವಿವೆ, ಅಷ್ಟೆ. ಮಿಕ್ಕ ಬಹುಪಾಲು ಕೆಲಸ ಮೂಗಿನದು. ನೆಗಡಿಯಾದಾಗ ಒಳ್ಳೆಯ ಸಾರೂ ಸಪ್ಪೆಯೆನಿಸುವುದು ಅದಕ್ಕೇ. ವಿಜ್ಞಾನ ತಿದ್ದಿದರೂ ಪದ ಅಂಗುಳನ್ನು ಬಿಡಲಿಲ್ಲ. 17ನೇ ಶತಮಾನದಲ್ಲಿ ಬಳಕೆಗೆ ಬಂದ ‘ಪ್ಯಾಲಟಬಲ್’, 1755ರ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟಿನಲ್ಲೂ ಸ್ಥಾನ ಪಡೆಯಿತು.

ಊಟದಷ್ಟೇ ಔಷಧಿಯ ಜೊತೆಗೂ ಈ ಮಾತಿಗೆ ನಂಟು ಬೆಳೆಯಿತು. ಕಹಿ ಮದ್ದನ್ನು ಬಾಯಿಗೆ ಹಿತವಾಗಿಸುವುದು ಹೇಗೆ? 1858ರಲ್ಲಿ ಲಂಡನ್ನಿನ ಎರಾಸ್ಮಸ್ ಬಾಂಡ್ ಎಂಬಾತ ಟಾನಿಕ್ ವಾಟರಿಗೆ ಪೇಟೆಂಟ್ ಪಡೆದ. ಮಲೇರಿಯಾ ಮದ್ದಾದ ಕ್ವಿನೈನಿನ ಕಹಿಯನ್ನು ಸೋಡಾದ ಗುಳ್ಳೆಗಳ ಜೊತೆ ಕುಡಿಯುವ ಉಪಾಯ ಅದು. ನಮ್ಮ ಮನೆಗಳಲ್ಲಿ ಜೇನುತುಪ್ಪದಲ್ಲಿ ಕಷಾಯದ ಪುಡಿ ಕಲಸಿ ಮಗುವಿಗೆ ನೆಕ್ಕಿಸುವ ಜಾಣತನವೂ ಇದೇ ಅಲ್ಲವೆ?

ಇಂಗ್ಲಿಷಿನ ‘ಟೇಸ್ಟ್’ ಹಳೆಯ ಫ್ರೆಂಚಿನಲ್ಲಿ ಮುಟ್ಟಿ ನೋಡುವುದಾಗಿತ್ತು. ಸಂಸ್ಕೃತದಿಂದ ನಮಗೆ ಬಂದ ‘ರುಚಿ’ಯ ಧಾತುವಿಗೆ ಹೊಳೆಯುವುದು ಎಂಬ ಅರ್ಥ. ಅವರದು ಸ್ಪರ್ಶ, ನಮ್ಮದು ಬೆಳಕು! ಒಗ್ಗರಣೆ ಬಿದ್ದೊಡನೆ ಸಪ್ಪೆ ಬೇಳೆಗೆ ಕಳೆ ಬರುವುದನ್ನು ಕಂಡವರಿಗೆ ಈ ಬೆಳಕು ಅರ್ಥವಾದೀತು.

ಮುಂದೆ ‘ಪ್ಯಾಲಟಬಲ್’ ಅಡಿಗೆಮನೆ ದಾಟಿ ಮಾತಿಗೂ ಅಂಟಿಕೊಂಡಿತು. ಕಟು ಸತ್ಯವನ್ನು ಒಪ್ಪುವಂತೆ ಹೇಳುವುದಕ್ಕೂ ಈಗ ಅದೇ ಪದ. ಇಲ್ಲಿ ನನಗೊಂದು ತಕರಾರಿದೆ. ಸಾರಿಗೆ ಚೂರು ಬೆಲ್ಲ ಹಾಕಿದಂತೆ, ಆಡುವ ಪ್ರತಿ ಮಾತಿಗೂ ಬೆಲ್ಲ ಬೆರೆಸಬೇಕೆಂಬ ನಿರೀಕ್ಷೆ ಹೆಣ್ಣುಮಕ್ಕಳ ಮೇಲೇ ಹೆಚ್ಚು. ಮದ್ದಿಗೆ ಜೇನು ಬೇಕು, ಒಪ್ಪೋಣ; ಆದರೆ ಜೇನಷ್ಟೇ ಉಳಿದು ಮದ್ದೇ ಇಲ್ಲವಾದರೆ ಜ್ವರ ಇಳಿಯುವುದಿಲ್ಲ.