ಅಲೆಯ ಮೊರೆತದಲ್ಲಿ ನಾವಿಕನ ನಿದ್ರೆ

ಬಿ.ಜಿ. ಕೆರೆಯ ಸುತ್ತಲಿನ ಬಯಲಿನಲ್ಲಿ ನೀರಿನ ಸದ್ದೆಂದರೆ ಮಳೆಯಾದ ವರ್ಷ ಕೆರೆಕೋಡಿ ಬಿದ್ದಾಗ ಕೇಳುವ ಸದ್ದು. ಕಡಲು ಅಲ್ಲಿಗೆ ಬಲು ದೂರ. ಆದರೂ ಅದೇ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನೆಲವನ್ನು ಅಗೆಸಿದಾಗ ವಿಶೇಷ ಬಗೆಯ ಮಡಕೆಚೂರುಗಳು ದೊರೆತವು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನ್ ಸಾಮಗ್ರಿಯೊಡನೆ ಸಿಕ್ಕಿದ್ದ ಚುಕ್ಕೆಸಾಲಿನ ಮಡಕೆಗಳ ಜಾತಿಯವೇ ಅವು. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಂತೂ ರೋಮಿನ ಬೆಳ್ಳಿಯ ನಾಣ್ಯಗಳೇ ಸಿಕ್ಕಿವೆ. ಅವು ಕಡಲನ್ನು ದಾಟಿ ಬಂದವು. ದಾಟಿಸಿದವರು ರಾತ್ರಿಯ ಹೊತ್ತು ಹೇಗೆ ಮಲಗುತ್ತಿದ್ದರು? ಇತಿಹಾಸ ಸರಕಿನ ಲೆಕ್ಕವನ್ನಿಟ್ಟಿದೆ, ನಿದ್ರೆಯ ಲೆಕ್ಕವನ್ನಿಟ್ಟಿಲ್ಲ.

ಕೆಂಪು ಸಮುದ್ರದ ಬಾಯಿಂದ ಮಲಬಾರಿನ ಮುಜಿರಿಸ್ ಬಂದರಿಗೆ ಮುಂಗಾರು ಗಾಳಿಯ ನೆರವಿನಿಂದ 40 ದಿನಗಳ ಪಯಣವೆಂದು ಒಂದನೆಯ ಶತಮಾನದ ಪ್ಲಿನಿ ಬರೆದಿದ್ದಾನೆ. 40 ದಿನವೆಂದರೆ 40 ರಾತ್ರಿಗಳೂ ಹೌದಷ್ಟೆ. ಹಾಯಿಹಡಗಿನ ಮರದ ಒಡಲು ಒಂದು ದೊಡ್ಡ ಮದ್ದಳೆ. ಹೊರಗೆ ಅಲೆ ತಟ್ಟಿದರೆ ಒಳಗೆ ಮಲಗಿದವನ ತಲೆಯ ಬಳಿಯೇ ಸದ್ದು. ಮೇಲೆ ಹಗ್ಗಗಳ ಕಿರುಗುಟ್ಟುವಿಕೆ ಬೇರೆ.

ವಿಚಿತ್ರವೆಂದರೆ, ಹಡಗು ಓಡುತ್ತಿರುವಾಗಿನ ಒಂದೇ ಲಯದ ಮೊರೆತಕ್ಕೆ ಕಿವಿ ಬೇಗ ಒಗ್ಗುತ್ತದೆ. ಕಾಡುವುದು ಲಂಗರು ಹಾಕಿ ನಿಂತಾಗಿನ ಹೊಡೆತ. ಗಾಳಿಯೊಂದು ಕಡೆ, ನೀರಿನ ಸೆಳೆತವೊಂದು ಕಡೆಯಾದರೆ ನಾವೆ ಅಲೆಗೆ ಅಡ್ಡವಾಗುತ್ತದೆ. ಪಕ್ಕೆಗೆ ಏಟು ಬೀಳುತ್ತದೆ. ಇದಕ್ಕೆ ಮದ್ದು ಮೂತಿಯನ್ನು ಅಲೆಗೆ ಎದುರಾಗಿ ನಿಲ್ಲಿಸುವುದು, ಇಲ್ಲವೆ ಮರೆಯಾದ ತಾವನ್ನು ಹುಡುಕುವುದು. ನಮ್ಮ ಕರಾವಳಿಯ ಹಳೆಯ ಬಂದರುಗಳನ್ನು ನೋಡಿರಿ: ಹೊನ್ನಾವರ ಶರಾವತಿಯ ಅಳಿವೆಯಲ್ಲಿದೆ, ಗಂಗೊಳ್ಳಿ ಪಂಚಗಂಗಾವಳಿಯ ಬಾಯಲ್ಲಿದೆ, ಮಂಗಳೂರು ನೇತ್ರಾವತಿ ಗುರುಪುರ ನದಿಗಳ ಕೂಟದಲ್ಲಿದೆ. ಅಳಿವೆಯನ್ನು ದಾಟಿ ಒಳಹೊಕ್ಕ ಹಡಗಿಗೆ ರಕ್ಷಣೆಯೂ ಉಂಟು, ಖಲಾಸಿಗಳಿಗೆ ನಿದ್ದೆಯೂ ಉಂಟು.

ಆ ಹೊನ್ನಾವರದಲ್ಲಿ ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತ ತಂಗಿದ್ದ. ಭಾರತದ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂದು ಅವನ ವಿವರಣೆ. ಕಲ್ಲಿಕೋಟೆಯಲ್ಲಿ ಅವನು ಚೀನೀ ಹಡಗಿನಲ್ಲಿ ತನಗೇ ಒಂದು ಕೋಣೆ ಬೇಕೆಂದು ಕೇಳಿದ. ಒಳ್ಳೆಯವನ್ನೆಲ್ಲ ಚೀನೀ ವರ್ತಕರು ಮೊದಲೇ ಹಿಡಿದಿದ್ದರು. ಸಾಮಾನು ಚಿಕ್ಕ ನಾವೆಗೆ ಹೋಯಿತು. ಶುಕ್ರವಾರದ ಪ್ರಾರ್ಥನೆಗೆಂದು ದಡದಲ್ಲುಳಿದವನಿಗೆ ಕಡಲು ಕೆರಳಿದ್ದರಿಂದ ಹಡಗೇರಲು ಆಗಲಿಲ್ಲ. ಹಾಸಲು ಒಂದು ಜಮಖಾನೆಯಷ್ಟೇ ಉಳಿದು, ಮರಳಿನ ಮೇಲೆ ರಾತ್ರಿ ಕಳೆದ. ಸುಲ್ತಾನನ ಕಾಣಿಕೆ ಹೊತ್ತ ದೊಡ್ಡ ಹಡಗು ಆ ಬಿರುಗಾಳಿಯಲ್ಲಿ ಒಡೆದುಹೋಯಿತು. ಕೋಣೆಯ ಬಾಗಿಲು ಸದ್ದನ್ನು ತಡೆದೀತು, ಸಮುದ್ರವನ್ನು ತಡೆಯದು.

ಆ ಹಳೆಯ ಹೊಲಿಗೆ ಈಗ ಮತ್ತೆ ಕಡಲಿಗಿಳಿದಿದೆ. ಅಜಂತೆಯ ಚಿತ್ರವೊಂದನ್ನು ಮಾದರಿಯಾಗಿಟ್ಟು ನಾರಿನಿಂದ ಹೊಲಿದ ‘ಕೌಂಡಿನ್ಯ’ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಅದೇ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ ಮುಟ್ಟಿತು. ಮಲಗಲು ಕೋಣೆಗಳಿಲ್ಲ, ಅಟ್ಟದ ಮೇಲೆ ಆಕಾಶದ ಕೆಳಗೇ ನಿದ್ರೆ.

ಹಾಯಿಹಡಗಿನಲ್ಲಿ ಎಲ್ಲರೂ ಒಮ್ಮೆಗೇ ಮಲಗುವಂತಿಲ್ಲ; ಪಾಳಿಯ ಮೇಲೆ ಎಚ್ಚರ. ಮಲಗಿದವನ ಕಿವಿಯೂ ಪೂರಾ ಮಲಗುವುದಿಲ್ಲ. ಮೊರೆತ ಇರುವವರೆಗೆ ಅವನು ನಿಶ್ಚಿಂತ. ಅದರ ಲಯ ತಪ್ಪಿತೆಂದರೆ ಗಾಳಿ ತಿರುಗಿದೆ ಎಂದರ್ಥ, ಕಣ್ಣು ತಾನಾಗಿ ತೆರೆಯುತ್ತದೆ. ಅಲೆಯ ಸದ್ದು ಅವನಿಗೆ ನಿದ್ದೆಯ ಶತ್ರುವೂ ಹೌದು, ಕಾವಲುಗಾರನೂ ಹೌದು. ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿದ ಬೆಳ್ಳಿಗೆ ರೋಮಿನ ದೊರೆಯ ಮುದ್ರೆಯಿದೆ. ಅದನ್ನು ದಡ ಮುಟ್ಟಿಸಿದ್ದು ಹೆಸರುಳಿಯದ ಜನರ ಅರೆನಿದ್ರೆ.